ರ ಗ ಸ ದ ಅ ಕಲಿಸಿದವರಿಗೆ ಇಂಗ್ಲಿಷ್ ಓದಿಸುವುದೂ ಗೊತ್ತಿದೆ

ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಇಂಗ್ಲಿಷ್ ಪಾಠ ಓದುತ್ತಿದ್ದಳು. ಎಲ್ಲೂ ತಡವರಿಸಲಿಲ್ಲ. ಅವಳ ಮೇಡಂಗೆ ಖುಷಿಯೋ ಖುಷಿ. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತು ಅವಳ ಬೆರಳನ್ನೇ ನೋಡುತ್ತಿದ್ದೆ. ಬಾಯಿ ಐದನೇ ಸಾಲು ಮುಗಿಸಿತ್ತು. ಬೆರಳು ಇನ್ನೂ ಮೂರನೇ ಸಾಲಿನಲ್ಲೇ ಇತ್ತು.

‘ಪುಟ್ಟಿ, ಕೊನೇ ಸಾಲು ಮಾತ್ರ ಓದ್ತೀಯಾ?’ ಅಂದೆ. ಸುಮ್ಮನಾದಳು. ಪಾಠದಲ್ಲೇ ಇದ್ದ ‘ಕ್ಯಾಟ್’ ಅನ್ನೋ ಪದವನ್ನು ಸ್ಲೇಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ. ‘ಸಿ, ಎ, ಟಿ’ ಅಂದಳು. ಒಟ್ಟಿಗೆ ಏನಾಗುತ್ತೆ ಅಂದರೆ ಮೇಡಂ ಮುಖ ನೋಡಿದಳು.

ಅದೇ ಹುಡುಗಿಗೆ ಓದುವ ಮೂಲೆಯಿಂದ ಒಂದು ಕನ್ನಡ ಕಥೆ ಪುಸ್ತಕ ತಂದು ಕೊಟ್ಟೆ. ಅವಳು ಅದನ್ನು ಮುಂಚೆ ನೋಡಿರಲಿಲ್ಲ. ಮೆಲ್ಲಗೆ ಓದುತ್ತಾ ಹೋದಳು. ಎರಡನೇ ಪುಟದಲ್ಲಿ ನಕ್ಕಳು. ಅಂದರೆ ಈ ಮಗುವಿಗೆ ಓದಲು ಬರುತ್ತೆ. ಓದು ಕಲಿಸಿದವರು ಇದೇ ಮೇಡಂ. ಹಾಗಾದರೆ ಇಂಗ್ಲಿಷಿನಲ್ಲಿ ಏನು ತಪ್ಪಿತು?

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಈ ಒಂದು ಪ್ರಶ್ನೆಯ ಹಿಂದೆ ಓಡಾಡಿದ್ದೇ.

ಪಾವಗಡ ತಾಲ್ಲೂಕಿನ ಒಂದು ಕ್ಲಸ್ಟರ್‌ಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ನಾನು ಸಿಆರ್‌ಪಿ ಆಗಿದ್ದೆ. ಆ ಶಾಲೆಗಳ ಶಿಕ್ಷಕರಿಗೆ ಕಲಿಸುವುದರಲ್ಲಿ ನೆರವಾಗುವ ಸಂಪನ್ಮೂಲ ವ್ಯಕ್ತಿ. ಅದಕ್ಕೂ ಮುಂಚೆ 12 ವರ್ಷ ನಲಿಕಲಿ ತರಗತಿ, ಅಂದರೆ ಚಿಕ್ಕ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ತರಗತಿ ನಡೆಸಿದ್ದೆ. ನಕ್ಷೆ ನೋಡಿದರೆ ನಮ್ಮ ತಾಲ್ಲೂಕನ್ನು ಆಂಧ್ರ ಮೂರು ಕಡೆಯಿಂದ ತಬ್ಬಿಕೊಂಡಿರುವುದು ಕಾಣುತ್ತೆ. ಬಹಳಷ್ಟು ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅದರ ಮೇಲೆ ಇಂಗ್ಲಿಷ್. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. 2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಕಲಿಸುವವರು ಮಾತ್ರ ಹೆಚ್ಚಿನವರು ನನ್ನ ಹಾಗೆಯೇ. ಕನ್ನಡ ಮಾಧ್ಯಮದಲ್ಲಿ ಓದಿದವರು, ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಂಡವರು.

ಮೊದಲ ತರಬೇತಿ ನಾನು ಕೊಟ್ಟಿದ್ದು ಎರಡು ದಿನದ್ದು. ಪ್ರೊಜೆಕ್ಟರ್ ತರಿಸಿದ್ದೆ. ಧ್ವನಿ ಅಂದರೇನು, ಓದಿನ ಹಂತಗಳು ಯಾವುವು, ಎಲ್ಲವನ್ನೂ ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಇಂಗ್ಲಿಷ್ ತರಬೇತಿ ಅಂದಮೇಲೆ ಇಂಗ್ಲಿಷಿನಲ್ಲೇ ಮಾತಾಡಬೇಕು ಅಂತ ಅಂದುಕೊಂಡಿದ್ದೆ. 30 ಜನ ಶಿಕ್ಷಕರು ತಲೆ ಆಡಿಸಿದರು. ಊಟ ಚೆನ್ನಾಗಿತ್ತು ಅಂದರು. ಮುಂದಿನ ತಿಂಗಳು ಶಾಲೆಗಳಿಗೆ ಹೋದೆ. ಎಲ್ಲಾ ಕಡೆ ಅದೇ ‘ಬಿ-ಎ-ಟಿ ಬ್ಯಾಟ್, ಸಿ-ಎ-ಟಿ ಕ್ಯಾಟ್’ ಕೋರಸ್. ಒಂದೇ ಒಂದು ಶಾಲೆಯಲ್ಲೂ ಏನೂ ಬದಲಾಗಿರಲಿಲ್ಲ.

ಬೇಜಾರಾಯಿತು. ಆದರೆ ಶಿಕ್ಷಕರ ಮೇಲೆ ಅಲ್ಲ. ಆ ಎರಡು ದಿನ ಹಿಂದಿನ ಬೆಂಚಿನಲ್ಲಿ ಒಬ್ಬರು ಹಿರಿಯ ಮೇಷ್ಟ್ರು ಕೂತಿದ್ದರು. ನಿವೃತ್ತಿಗೆ ಮೂರು ವರ್ಷ ಇತ್ತು. ಒಂದು ಮಾತೂ ಆಡಲಿಲ್ಲ. ಅವರ ಶಾಲೆಗೆ ಹೋದಾಗ ಹೇಳಿದರು: ‘ಮೇಡಂ, ತಪ್ಪು ತಿಳ್ಕೋಬೇಡಿ. ನನಗೇ ಇಂಗ್ಲಿಷ್ ಬರಲ್ಲ. ಬಾಯಿ ಬಿಟ್ಟರೆ ಎಲ್ಲಿ ತಪ್ಪಾಗುತ್ತೋ ಅಂತ ಭಯ. ಮಕ್ಕಳಿಗೆ ಏನು ಹೇಳಿಕೊಡ್ಲಿ?’

ಆ ಭಯವನ್ನು ನನ್ನ ಸ್ಲೈಡುಗಳು ಇನ್ನೂ ಜಾಸ್ತಿ ಮಾಡಿದ್ದವು.

ಎರಡನೇ ಸಲ ಪ್ರೊಜೆಕ್ಟರ್ ಬಿಟ್ಟೆ. ತಿಂಗಳ ಸಮಾಲೋಚನಾ ಸಭೆಯಲ್ಲಿ ಸಿಗುವ ಎರಡು ಗಂಟೆ ಸಾಕು ಅಂದುಕೊಂಡೆ. ಮಾತೆಲ್ಲ ಕನ್ನಡದಲ್ಲಿ. ಮೊದಲ ಕೆಲಸವಾಗಿ ಬೋರ್ಡಿನ ಮೇಲೆ ಮಲಯಾಳಂ ಬರೆದೆ. ನಮ್ಮಲ್ಲಿ ತೆಲುಗು ಲಿಪಿ ಬಹಳ ಜನಕ್ಕೆ ಓದಲು ಬರುತ್ತೆ, ಹಾಗಾಗಿ ಅದು ಬೇಡ ಅನಿಸಿತು. ಮಲಯಾಳಂ ಯಾರಿಗೂ ಬರುತ್ತಿರಲಿಲ್ಲ. ಮೊದಲು ಒಂದು ಉದ್ದ ಸಾಲನ್ನು ಬರೆದು, ನಾನು ಹೇಳಿದ್ದನ್ನು ಹತ್ತು ಸಲ ಹೇಳಿಸಿದೆ. ಎಲ್ಲರೂ ಚೆನ್ನಾಗಿ ಹೇಳಿದರು. ಆಮೇಲೆ ಸಾಲಿನ ಮಧ್ಯದ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂದೆ. ಗೊತ್ತಿಲ್ಲ.

ಅದನ್ನು ಅಳಿಸಿ, ಬರೀ ತ, ಲ, ಮ, ರ ಈ ನಾಲ್ಕು ಅಕ್ಷರ ಮತ್ತು ಒಂದು ಸೊನ್ನೆ ತೋರಿಸಿದೆ. ಒಂದೊಂದರ ಸದ್ದು ಹೇಳಿದೆ. ಐದು ನಿಮಿಷ ಆಡಿಸಿದೆ. ಆಮೇಲೆ ಎರಡು ಅಕ್ಷರ ಸೇರಿಸಿ ಬರೆದೆ. ‘ತ... ಲ... ತಲ. ತಲೆ!’ ಅಂತ ಯಾರೋ ಕೂಗಿದರು. ಇನ್ನೊಂದು ಬರೆದೆ. ಹಿಂದಿನ ಬೆಂಚಿನ ಮೇಷ್ಟ್ರು ಎದ್ದು ನಿಂತು ಓದಿದರು: ‘ಮರಂ. ಅಯ್ಯೋ, ಇದು ನಮ್ಮ ಮರ ಅಲ್ವಾ ಮೇಡಂ!’

ಅವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸದ್ದು ಕೂಡಿತು. ಕೂಡಿದ ಸದ್ದು ಅವರಿಗೆ ಗೊತ್ತಿದ್ದ ಪದವಾಯಿತು. ಆ ಹುಡುಗಿಗೆ ಇಂಗ್ಲಿಷಿನಲ್ಲಿ ಸಿಗದೇ ಇದ್ದದ್ದು ಈ ಎರಡೂ. ಸದ್ದು ಕೂಡಿಸಲು ಯಾರೂ ಕಲಿಸಿರಲಿಲ್ಲ. ಕೂಡಿಸಿದ್ದರೂ ಅದು ಅವಳು ಕೇಳಿದ ಪದ ಆಗಿರುತ್ತಿತ್ತೋ ಇಲ್ಲವೋ.

ಆಮೇಲೆ ನಾನು ಕೇಳಿದ್ದು ಒಂದೇ: ‘ನಲಿಕಲಿಯಲ್ಲಿ ನಾವು ಅ ಆ ಇ ಈ ಇಂದ ಶುರು ಮಾಡಲ್ಲ. ರ ಗ ಸ ದ ಅ ಇಂದ ಶುರು ಮಾಡ್ತೀವಿ. ಯಾಕೆ?’

ಈ ಪ್ರಶ್ನೆಗೆ ನಮ್ಮ ಶಿಕ್ಷಕರಿಗೆ ಪುಸ್ತಕ ನೋಡುವ ಅಗತ್ಯವಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಈಗ ಅವರ ದಿನದ ಕೆಲಸ. ಐದೇ ಅಕ್ಷರ ಬಂದರೂ ಮಗು ಸರ, ಅಗಸ, ಅರಸ, ಗರಗಸ ಅಂತ ಪದ ಓದಿಬಿಡುತ್ತೆ. ಪೂರ್ತಿ 49 ಅಕ್ಷರ ಮುಗಿಯೋವರೆಗೆ ಕಾಯಬೇಕಿಲ್ಲ. ಎಲ್ಲರೂ ಇದನ್ನೇ ಹೇಳಿದರು. ‘ಹಾಗಾದರೆ ಇಂಗ್ಲಿಷಿನಲ್ಲಿ ಯಾಕೆ ಎ ಇಂದ ಝಡ್‌ವರೆಗೆ ಕಾಯ್ತೀವಿ?’ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಬೋರ್ಡಿನ ಮೇಲೆ ಆರು ಅಕ್ಷರ ಬರೆದೆ. ಎಸ್, ಎ, ಟಿ, ಪಿ, ಐ, ಎನ್. ಎಲ್ಲವೂ ಸಣ್ಣ ಅಕ್ಷರದಲ್ಲಿ. ಇದು ನನ್ನ ಕಂಡುಹಿಡಿಕೆ ಅಲ್ಲ. ಇಂಗ್ಲಿಷ್ ಓದು ಕಲಿಸುವವರು ಹಲವು ದೇಶಗಳಲ್ಲಿ ಇವುಗಳಿಂದಲೇ ಶುರು ಮಾಡುತ್ತಾರೆ. ಇಷ್ಟರಲ್ಲೇ ಟಿನ್, ಪಿನ್, ಪ್ಯಾನ್, ಟ್ಯಾಪ್, ಸಿಟ್, ಆ್ಯಂಟ್ ಆಗುತ್ತೆ. ಇಂಗ್ಲಿಷಿನ ಗರಗಸ ಇದು ಅಂದೆ.

ಶಿಕ್ಷಕರಿಗೆ ಹಿಡಿಸಿತು. ಆದರೆ ಮಾಡಲು ಹೋದಾಗ ಸಿಕ್ಕಿಬಿದ್ದ ಜಾಗ ಬೇರೆ.

ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಸದ್ದೂ ಒಂದೇ. ‘ಸ’ದ ಹೆಸರು ಸ, ಸದ್ದೂ ಸ. ಇಂಗ್ಲಿಷಿನಲ್ಲಿ ಹೆಸರು ‘ಎಸ್’, ಸದ್ದು ‘ಸ್’. ಹೆಸರು ‘ಎನ್’, ಸದ್ದು ‘ನ್’. ಅಕ್ಷರ 26, ಸದ್ದು ಸುಮಾರು 44. ಮಗು ಸಿ-ಎ-ಟಿ ಅಂತ ಹೆಸರುಗಳನ್ನು ಎಷ್ಟು ಜೋರಾಗಿ ಹೇಳಿದರೂ ಅದರಿಂದ ‘ಕ್ಯಾಟ್’ ಹುಟ್ಟಲ್ಲ. ಸರಿ, ಸದ್ದು ಹೇಳೋಣ ಅಂತ ಒಬ್ಬ ಮೇಡಂ ತರಗತಿಯಲ್ಲಿ ಶುರು ಮಾಡಿದರು: ‘ಸ... ಇ... ಟ.’ ಮಕ್ಕಳು ಸೇರಿಸಿದರು: ‘ಸಇಟ.’ ಮತ್ತೆ ಹೇಳಿಸಿದರು. ಮತ್ತೆ ‘ಸಇಟ.’ ಮೇಡಂ ನನ್ನ ಕಡೆ ನೋಡಿದರು. ‘ಇದು ಆಗೋ ಕೆಲಸ ಅಲ್ಲ’ ಅನ್ನೋ ಹಾಗಿತ್ತು.

ಮಕ್ಕಳದ್ದು ತಪ್ಪೇ ಇಲ್ಲ. ಸ, ಇ, ಟ ಸೇರಿಸಿದರೆ ಅದೇ ಬರೋದು. ‘ಸ’ದಲ್ಲಿ ಈಗಾಗಲೇ ಒಂದು ‘ಅ’ ಕೂತಿದೆ. ಅದನ್ನು ತೆಗೆಯದೆ ‘ಸಿಟ್’ ಆಗಲ್ಲ. ನಾನು ಚಾಕ್ ತಗೊಂಡು ಬೋರ್ಡಿನ ಮೂಲೆಯಲ್ಲಿ ಬರೆದೆ: ಕ್ + ಆ = ಕಾ. ಸ್ + ಇ = ಸಿ. ಮೇಡಂ ತಕ್ಷಣ ಅಂದರು, ‘ಓ, ಕಾಗುಣಿತ!’

ಹೌದು, ಕಾಗುಣಿತವೇ. ಅರ್ಧಾಕ್ಷರ ಹೇಗೆ ಉಚ್ಚರಿಸಬೇಕು ಅಂತ ನಮ್ಮ ಶಿಕ್ಷಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಸ್’ ಹೇಳು ಅಂದರೆ ಸರಿಯಾಗಿ ಹೇಳುತ್ತಾರೆ. ‘ಟ್’ ಹೇಳು ಅಂದರೂ ಅಷ್ಟೇ. ತರಬೇತಿಯಲ್ಲಿ ನಾನು ಎರಡು ದಿನ ಇಂಗ್ಲಿಷಿನಲ್ಲಿ ವಿವರಿಸಿ ತಲುಪಿಸಲಾಗದ್ದು ‘ಕ್ + ಆ = ಕಾ’ ಅನ್ನೋ ಒಂದು ಸಾಲಿನಲ್ಲಿ ತಲುಪಿತು. ಅವತ್ತಿನಿಂದ ನಮ್ಮ ಕ್ಲಸ್ಟರ್‌ನಲ್ಲಿ ಇಂಗ್ಲಿಷ್ ಸದ್ದುಗಳಿಗೆ ‘ಅರ್ಧಾಕ್ಷರ ಹೇಳಿ’ ಅನ್ನೋದೇ ಮಾತು.

ಇದರ ಇನ್ನೊಂದು ತುದಿಯಲ್ಲಿ ಇನ್ನೊಂದು ಗಂಟು ಇತ್ತು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ತೆಲುಗಿನವೂ ಹಾಗೆಯೇ. ಹಾಗಾಗಿ ಹೊರಗಿನ ಪದ ಬಂದರೂ ನಾವು ಅದಕ್ಕೊಂದು ‘ಉ’ ಸೇರಿಸಿ ಒಳಗೆ ಕರೆದುಕೊಳ್ಳುತ್ತೇವೆ. ಬಸ್ಸು, ಪೆನ್ನು, ಕಾರು, ಬ್ಯಾಗು, ಲೈಟು. ಮಗು ಬೋರ್ಡಿನಲ್ಲಿ ‘ಪಿನ್’ ಓದುವಾಗ ‘ಪಿನ್ನು’ ಅನ್ನುತ್ತೆ. ಕೆಲವು ಶಿಕ್ಷಕರು ಇದಕ್ಕೆ ಬೈಯುತ್ತಿದ್ದರು. ನನಗೆ ಇದು ಬೈಯುವ ವಿಷಯ ಅಂತ ಅನಿಸಲೇ ಇಲ್ಲ. ಬಸ್ಸು ಅನ್ನೋದು ಸರಿಯಾದ ಕನ್ನಡ. ಮಗುವಿಗೆ ಇಂಗ್ಲಿಷ್ ಪದಗಳು ಗೊತ್ತಿಲ್ಲ ಅನ್ನೋ ನಮ್ಮ ಗೊಣಗಾಟಕ್ಕೆ ಅದೇ ಉತ್ತರ ಕೂಡ. ಗೊತ್ತಿವೆ, ‘ಉ’ ಹಚ್ಚಿಕೊಂಡು ಕೂತಿವೆ.

ಅದರಿಂದ ಒಂದು ಆಟ ಹುಟ್ಟಿತು. ಹೆಸರು ‘ಉ ತೆಗಿ.’ ಟೀಚರ್ ಪೆನ್ನು ಎತ್ತಿ ತೋರಿಸಿ ‘ಪೆನ್ನು’ ಅನ್ನಬೇಕು. ಮಕ್ಕಳು ಬಾಯಿಗೆ ಅಡ್ಡ ಕೈ ಇಟ್ಟು ‘ಪೆನ್’ ಅಂತ ಕಡಿಯಬೇಕು. ಬಸ್ಸು, ಬಸ್. ಟಬ್ಬು, ಟಬ್. ಜಗ್ಗು, ಜಗ್. ‘ಜಗ್ಗು’ ಅಂದಾಗ ಒಬ್ಬ ಹುಡುಗ ಪಕ್ಕದವನ ಅಂಗಿ ಹಿಡಿದು ಎಳೆದ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಕಡೆಯ ಸದ್ದು ಕಿವಿಗೆ ಬಿತ್ತು. ಕೇಳಲು ಬಂದ ಸದ್ದನ್ನು ಬರೆಯಲು ಬರುತ್ತೆ. ಕೇಳಿಸದ ಸದ್ದನ್ನು ಎಷ್ಟು ಸಲ ಕಾಪಿ ಬರೆಸಿದರೂ ಬರಲ್ಲ.

ಈ ಆಟಕ್ಕೆ ಪದಗಳ ಪಟ್ಟಿ ಮಾಡಿಕೊಟ್ಟವರು ಅದೇ ಹಿಂದಿನ ಬೆಂಚಿನ ಮೇಷ್ಟ್ರು. ಎರಡು ಪುಟ ಬರೆದು ತಂದಿದ್ದರು. ಟ್ರ್ಯಾಕ್ಟರು, ಪಂಪು, ಪೈಪು, ವಾಲ್ವು, ಪ್ಲಗ್ಗು, ಪ್ಯಾನಲ್ಲು. ತಿರುಮಣಿ ಕಡೆ ಸೋಲಾರ್ ಪಾರ್ಕ್ ಬಂದಮೇಲೆ ಮಕ್ಕಳ ಬಾಯಲ್ಲಿ ಎಷ್ಟು ಇಂಗ್ಲಿಷ್ ಸೇರಿದೆ ಅಂತ ನನಗೆ ಆ ಪಟ್ಟಿ ನೋಡಿದಮೇಲೆ ಗೊತ್ತಾಯಿತು. ಇಂಗ್ಲಿಷ್ ಬರಲ್ಲ ಅಂದಿದ್ದವರು ಅವರು.

ಇನ್ನು ಅರ್ಥದ ವಿಷಯ. ಇದರಲ್ಲಿ ನಾನು ಮೊದಲು ಅವಸರ ಮಾಡಿದೆ. ಸದ್ದು ಕೂಡಿಸುವುದು ಚೆನ್ನಾಗಿ ಹತ್ತಿತು ಅಂತ ಸಂತೋಷಪಟ್ಟೆ. ಮಕ್ಕಳು ‘ನ್ಯಾಪ್’, ‘ಸಿಪ್’ ಅಂತೆಲ್ಲ ಓದಿದರು. ಏನು ಹಾಗಂದ್ರೆ ಅಂದರೆ ಗೊತ್ತಿಲ್ಲ. ಅಷ್ಟರಲ್ಲಿ ನಾನು ಸುಳ್ಳು ಪದಗಳನ್ನೂ ಓದಿಸಲು ಶುರು ಮಾಡಿದ್ದೆ. ಅರ್ಥವೇ ಇಲ್ಲದ ಪದ ಬರೆದು ಓದಿಸಿದರೆ, ಮಗು ಬಾಯಿಪಾಠದಿಂದ ಹೇಳುತ್ತಿದೆಯೋ ನಿಜವಾಗಿ ಓದುತ್ತಿದೆಯೋ ಗೊತ್ತಾಗುತ್ತೆ ಅಂತ. ಒಬ್ಬ ಮೇಡಂ ಸಭೆಯಲ್ಲೇ ಕೇಳಿದರು: ‘ನಮ್ಮ ಮಕ್ಕಳಿಗೆ ಇಂಗ್ಲಿಷಿನ ನಿಜವಾದ ಪದಗಳೇ ಸುಳ್ಳು ಪದಗಳ ಥರ ಇವೆ. ಅದರ ಮೇಲೆ ಇನ್ನೂ ಸುಳ್ಳು ಪದ ಯಾಕೆ ಮೇಡಂ?’ ಅವರ ಮಾತು ನೂರಕ್ಕೆ ನೂರು ಸರಿ. ಮನೆಯಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಆ ಪರೀಕ್ಷೆ ಹೊಂದಬಹುದು. ನಮ್ಮ ಮಕ್ಕಳಿಗೆ ಅದು ಗೊಂದಲ. ಅವತ್ತೇ ಬಿಟ್ಟೆ.

ಅದರ ಬದಲು ಕ್ರಮ ಉಲ್ಟಾ ಮಾಡಿದೆವು. ಮೊದಲು ಮೈ ಆಡಬೇಕು, ಆಮೇಲೆ ಬಾಯಿ, ಆಮೇಲೆ ಕಣ್ಣು. ಆ ಆರು ಅಕ್ಷರಗಳಲ್ಲಿ ಕ್ರಿಯೆಯ ಪದಗಳು ಎಷ್ಟಿವೆ ನೋಡಿ. ಸಿಟ್, ಟ್ಯಾಪ್, ಪ್ಯಾಟ್, ಸಿಪ್, ನ್ಯಾಪ್, ಸ್ಪಿನ್. ಒಂದು ವಾರ ಬರೀ ಆಡುವುದು. ಟೀಚರ್ ‘ಸ್ಪಿನ್’ ಅಂದರೆ ಮಕ್ಕಳು ಗಿರ್ರನೆ ತಿರುಗುತ್ತಾರೆ. ‘ನ್ಯಾಪ್’ ಅಂದರೆ ತಲೆ ಬಗ್ಗಿಸಿ ಮಲಗುತ್ತಾರೆ. ‘ಸಿಪ್’ ಅಂದರೆ ನೀರಿನ ಬಾಟಲಿ ಎತ್ತುತ್ತಾರೆ. ಎರಡನೇ ವಾರ ಮಕ್ಕಳು ಹೇಳುತ್ತಾರೆ, ಟೀಚರ್ ಮಾಡುತ್ತಾರೆ. ಮೂರನೇ ವಾರ ಮೌನ. ಟೀಚರ್ ಬೋರ್ಡಿನ ಮೇಲೆ ಪದ ಬರೆಯುತ್ತಾರೆ, ಬಾಯಿ ಬಿಡುವುದಿಲ್ಲ. ಮಕ್ಕಳು ಓದಿ ಮಾಡುತ್ತಾರೆ.

ಈ ಮೌನದ ಆಟ ನಮ್ಮ ತರಬೇತಿಯಲ್ಲೇ ನನಗೆ ಬಹಳ ಇಷ್ಟವಾದದ್ದು. ಇಡೀ ತರಗತಿ ಪಿಸುಮಾತೂ ಇಲ್ಲದೆ ಬೋರ್ಡು ನೋಡುತ್ತಾ ಕೂತಿರುತ್ತೆ. ಚಾಕಿನ ಸದ್ದು ಮಾತ್ರ. ಕೊನೇ ಅಕ್ಷರ ಬೀಳುವ ಹೊತ್ತಿಗೆ ಒಬ್ಬೊಬ್ಬರೇ ತಿರುಗಲು ಶುರು ಮಾಡುತ್ತಾರೆ. ಯಾರು ಓದಿದರು, ಯಾರು ಪಕ್ಕದವರನ್ನು ನೋಡಿ ಮಾಡಿದರು ಅಂತ ಟೀಚರಿಗೆ ಒಂದೇ ನೋಟಕ್ಕೆ ತಿಳಿಯುತ್ತೆ. ಉಚ್ಚಾರಣೆಯ ಭಯ ಇರುವ ಶಿಕ್ಷಕರಿಗೂ ಇಲ್ಲಿ ಅಂಜಿಕೆ ಇಲ್ಲ.

ಉಚ್ಚಾರಣೆಯ ಬಗ್ಗೆ ನನ್ನ ನಿಲುವು ಸ್ಪಷ್ಟ. ನಮ್ಮ ಕಡೆ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತೆ. ಹಾಗೆಯೇ ‘ಹೆನ್’ ‘ಎನ್’ ಆಗುತ್ತೆ. ಮಗು ‘ಎನ್’ ಅಂತ ಓದಿ ಕೋಳಿಯ ಚಿತ್ರಕ್ಕೆ ಬೆರಳಿಟ್ಟರೆ ಅದು ಓದಿದೆ. ಅದನ್ನು ಅಲ್ಲಿಗೇ ತಡೆದು ನಿಲ್ಲಿಸಿದರೆ ನಾಳೆ ಅದು ಓದುವುದೇ ಇಲ್ಲ. ಸರಿಯಾದ ಸದ್ದನ್ನು ಟೀಚರ್ ತಾವು ಹೇಳುತ್ತಾ ಇರಲಿ, ಸಾಕು.

ಮನೆಮಾತಿನ ವಿಷಯದಲ್ಲೂ ಹಾಗೆಯೇ. ಚಿತ್ರ ತೋರಿಸಿ ಮಾತಾಡಿಸುವಾಗ ಒಂದನೇ ಕ್ಲಾಸಿನ ಮಗು ‘ಕುಕ್ಕ’ ಅನ್ನುತ್ತೆ. ಮೊದಲೆಲ್ಲ ‘ತೆಲುಗು ಬೇಡ’ ಅನ್ನೋ ಉತ್ತರ ಸಿಗುತ್ತಿತ್ತು, ಮಗು ಬಾಯಿ ಮುಚ್ಚುತ್ತಿತ್ತು. ಈಗ ಟೀಚರ್ ‘ಹೂಂ, ಕುಕ್ಕ, ನಾಯಿ, ಡಾಗ್’ ಅಂತ ಮೂರನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಪಿಲ್ಲಿ, ಬೆಕ್ಕು, ಕ್ಯಾಟ್. ಚೆಟ್ಟು, ಮರ, ಟ್ರೀ. ಅಕ್ಷರ ಶುರು ಮಾಡುವುದು ದಸರಾ ರಜೆ ಮುಗಿದ ಮೇಲೇ. ಅಲ್ಲಿಯವರೆಗೆ ಒಂದನೇ ಕ್ಲಾಸಿನಲ್ಲಿ ಇಂಗ್ಲಿಷ್ ಅಂದರೆ ಬರೀ ಕಿವಿ ಮತ್ತು ಬಾಯಿ. ಇದಕ್ಕೆ ಪೋಷಕರಿಂದ ಒತ್ತಡ ಬಂತು. ಊರಿಗೆ ಕಾನ್ವೆಂಟಿನ ಹಳದಿ ವ್ಯಾನ್ ಬರುತ್ತೆ. ಅದರಲ್ಲಿ ಹೋಗುವ ಮಗು ಜೂನ್ ತಿಂಗಳಿಗೇ ಎಬಿಸಿಡಿ ಬರೆಯುತ್ತೆ, ನಮ್ಮದು ಯಾಕೆ ಬರೆಯಲ್ಲ ಅಂತ. ಅವರ ಆತಂಕ ಸಹಜ. ‘ಸಮುದಾಯದತ್ತ ಶಾಲೆ’ ದಿನ ಪೋಷಕರ ಎದುರೇ ಮೌನದ ಆಟ ಆಡಿಸಿದೆವು. ಆಮೇಲೆ ಆ ಮಾತು ಕಡಿಮೆಯಾಯಿತು.

ತರಬೇತಿ ನಡೆಸುವವರಿಗೆ ಒಂದು ಮಾತು ಹೇಳಬೇಕು. ಸಭೆಯಲ್ಲಿ ಹೇಳಿದ್ದು ಅರ್ಧ ಕೆಲಸವೂ ಅಲ್ಲ. ನಾನು ಪ್ರತಿ ಶಾಲೆಗೆ ಕಡಿಮೆ ಅಂದರೂ ಮೂರು ಸಲ ಹೋದೆ. ಮೊದಲ ಸಲ ನಾನೇ ಆ ಮಕ್ಕಳಿಗೆ 20 ನಿಮಿಷ ಪಾಠ ಮಾಡಿದೆ, ಟೀಚರ್ ನೋಡಿದರು. ಎರಡನೇ ಸಲ ಇಬ್ಬರೂ ಸೇರಿ ಮಾಡಿದೆವು. ಮೂರನೇ ಸಲ ಅವರು ಮಾಡಿದರು, ನಾನು ಮಕ್ಕಳ ನಡುವೆ ಕೂತೆ. ಕೈಯಲ್ಲಿ ಪೆನ್ನು ಪುಸ್ತಕ ಹಿಡಿಯಲಿಲ್ಲ. ಹಿಡಿದರೆ ಅದು ತಪಾಸಣೆ ಆಗುತ್ತೆ, ಕಲಿಕೆ ಆಗಲ್ಲ. ನನ್ನ ಪಾಠ ಎಲ್ಲಾ ಕಡೆ ಚೆನ್ನಾಗಿ ಆಗಲಿಲ್ಲ. ಒಂದು ಶಾಲೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳು ಹೊಸಬಳನ್ನು ನೋಡಿ ಬಾಯೇ ಬಿಡಲಿಲ್ಲ. ಅಲ್ಲಿನ ಮೇಡಂ ಎದ್ದು ಬಂದು, ಅವರಿಗೆ ಪರಿಚಯದ ಒಂದು ಶಿಶುಗೀತೆ ಹಾಡಿಸಿ ದಾರಿ ಮಾಡಿಕೊಟ್ಟರು. ಆಮೇಲೆ ನಾವಿಬ್ಬರೂ ಒಟ್ಟಿಗೇ ಮುಂದುವರಿಸಿದೆವು. ಅವರ ಜೊತೆ ಸ್ನೇಹ ಬೆಳೆದದ್ದು ಆ 20 ನಿಮಿಷದಿಂದ.

ಬಿಡಿಸಲು ಬಹಳ ಕಷ್ಟವಾದ ಅಭ್ಯಾಸ ಒಂದಿತ್ತು. ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಉಚ್ಚಾರಣೆ ಬರೆಸುವುದು. ಮಗುವಿನ ಕಣ್ಣು ಸುಲಭವಾದ ಕಡೆಗೇ ಹೋಗುತ್ತೆ. ಅದು ಓದುವುದು ಮೇಲಿನ ಕನ್ನಡವನ್ನೇ. ಕೆಳಗಿನ ಇಂಗ್ಲಿಷ್ ಬರೀ ಚಿತ್ರ. ಬೇಡ ಅಂತ ಹೇಳಿದರೆ ಕೆಲವರು ನಾನು ಬಂದ ದಿನ ಮಾತ್ರ ಅಳಿಸುತ್ತಿದ್ದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕನ್ನಡದಲ್ಲಿ ಬರೆದುಕೊಳ್ಳುವುದು ಟೀಚರ್ ತಮ್ಮ ಪಾಠ ಟಿಪ್ಪಣಿಯಲ್ಲಿ ಮಾತ್ರ, ಮಗುವಿನ ಪುಸ್ತಕದಲ್ಲಿ ಅಲ್ಲ. ನಾನೂ ಹಾಗೆ ಬರೆದುಕೊಳ್ಳುತ್ತೇನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ.

‘ದ’, ‘ವಾಸ್’, ‘ಸೆಡ್’, ‘ಒನ್’ ಇಂಥ ಪದಗಳು ಸದ್ದು ಕೂಡಿಸಿದರೆ ಬಗ್ಗುವುದಿಲ್ಲ. ಅವಕ್ಕೆ ಒಬ್ಬರು ಟೀಚರ್ ‘ಹಠದ ಪದಗಳು’ ಅಂತ ಹೆಸರಿಟ್ಟರು. ವಾರಕ್ಕೆ ಮೂರು ಹಠದ ಪದ. ಕೆಂಪು ರಟ್ಟಿನ ಮೇಲೆ ಬರೆದು ಕಲಿಕಾ ಚಪ್ಪರಕ್ಕೆ, ಅಂದರೆ ತರಗತಿಯಲ್ಲಿ ತಲೆಯ ಮೇಲೆ ಕಟ್ಟಿದ ದಾರಗಳಿಗೆ, ನೇತು ಹಾಕುತ್ತಾರೆ. ಬಾಗಿಲು ದಾಟುವಾಗ ಒಂದನ್ನು ಮುಟ್ಟಿ ಹೇಳಿ ಹೋಗಬೇಕು. ಇದು ಈಗ ನಾಲ್ಕೈದು ಶಾಲೆಗಳಿಗೆ ಹಬ್ಬಿದೆ. ನಾನು ಹೇಳಿಕೊಟ್ಟದ್ದಲ್ಲ, ಅವರೇ ಒಬ್ಬರಿಂದ ಒಬ್ಬರು ಕಲಿತದ್ದು.

ಮೊದಲು ಹೇಳಿದ ಆ ಹುಡುಗಿ ಐದನೇ ಕ್ಲಾಸಿಗೆ ಹೋದಳು. ನಾಲ್ಕನೇ ಕ್ಲಾಸಿನ ಮಗುವನ್ನು ಮತ್ತೆ ಮೊದಲ ಆರು ಅಕ್ಷರಕ್ಕೆ ಕರೆತರುವುದಕ್ಕೆ ಅವಳ ಮೇಡಂ ಹಿಂಜರಿದಿದ್ದರು. ಚಿಕ್ಕವರ ಪಾಠ ಅಂತ ಅವಳಿಗೆ ಅವಮಾನ ಆಗಬಾರದಲ್ಲ. ಅದಕ್ಕೆ ಅವಳನ್ನೇ ಎರಡನೇ ಕ್ಲಾಸಿನವರಿಗೆ ಆಟ ಆಡಿಸಲು ಕಳಿಸಿದರು. ಬೋರ್ಡಿನ ಮುಂದೆ ಚಾಕ್ ಹಿಡಿದು ನಿಂತು ಅವಳೇ ಪದ ಬರೆಯಬೇಕು. ಬರೆಯಬೇಕಾದರೆ ಸದ್ದು ಬಿಡಿಸಬೇಕು. ಹಾಗೆ ಕಲಿತಳು. ಕಳೆದ ಸಲ ಹೋದಾಗ ಅವಳು ‘ಸ್ನ್ಯಾಪ್’ ಬರೆಯುತ್ತಿದ್ದಳು. ಮೊದಲು ಎಸ್ ಬರೆದಳು, ಆಮೇಲೆ ಎ. ನಿಂತಳು. ತುಟಿ ಆಡಿಸಿ ತನಗೆ ತಾನೇ ಹೇಳಿಕೊಂಡಳು, ‘ಸ್... ನ್...’. ಎ ಅಳಿಸಿ ಎನ್ ಬರೆದಳು, ಆಮೇಲೆ ಎ, ಪಿ. ಎರಡನೇ ಕ್ಲಾಸಿನ ಮಕ್ಕಳು ಚಿಟಿಕೆ ಹೊಡೆದರು.

ಉದ್ದ ಸ್ವರಗಳು ಇನ್ನೂ ಬಾಕಿ ಇವೆ. ‘ಟೇಪ್’ ಪದದ ಕೊನೆಯಲ್ಲಿ ಸುಮ್ನೆ ಕೂತಿರುವ ‘ಇ’ ಯಾಕೆ ಓದುವುದಿಲ್ಲ ಅಂತ ಮಕ್ಕಳು ಕೇಳುತ್ತಿದ್ದಾರೆ. ಅದನ್ನು ಕನ್ನಡದ ದೀರ್ಘಕ್ಕೆ ಹೋಲಿಸಿ ಹೇಳಬಹುದು ಅಂತ ಮೇಷ್ಟ್ರು ಒಂದು ಯೋಚನೆ ಇಟ್ಟಿದ್ದಾರೆ. ಕನ್ನಡದಲ್ಲಿ ಅಕ್ಷರದ ಪಕ್ಕದಲ್ಲೇ ದೀರ್ಘ ಹಾಕುತ್ತೇವೆ, ಇಂಗ್ಲಿಷಿನವರು ಅದನ್ನು ಪದದ ಕೊನೆಗೆ ತಂದು ಕೂರಿಸಿದ್ದಾರೆ ಅಂತ. ಮುಂದಿನ ಸಭೆಯಲ್ಲಿ ಆ ಪಾಠ ಅವರೇ ಮಾಡಿ ತೋರಿಸುತ್ತಾರೆ.